ಬಾನೆಟ್ಟಿನ ಒಳಗೆ ಬರೆದದ್ದು

ಹೊನ್ನಾಳಿಯ ಆ ಮೆಕ್ಯಾನಿಕ್ ಎಂಜಿನ್ ಮುಟ್ಟುವ ಮುನ್ನ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, “ತಡೀರಿ, ಮೊದ್ಲು ನೋಡಾನ” ಎನ್ನುತ್ತಿದ್ದರು. ಒಂದು ಸಲ ಮಾತ್ರ ಅವರು ನೋಡಲಿಲ್ಲ.

ಮಾವನಿಂದ ಬಂದ ನನ್ನ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಎಂಜಿನ್ನಿಗೆ ಕಿಡಿ ಕೊಡುವ ಸವೆದ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಲು ಕಾರನ್ನು ಅವರಿಗೆ ಒಪ್ಪಿಸಿದೆ. ಅದೂ ಆಗದಿದ್ದರೆ ಕಾರು ಗುಜರಿಗೆ ಎಂದು ಹೇಳಿಯೇ ಇದ್ದೆ. ಸಂಜೆ ಹೋದಾಗ ಅವರು ಸುಟ್ಟುಹೋದ ಹೊಸ ಕಿಟ್ಟನ್ನು ಅಂಗೈಯಲ್ಲಿಟ್ಟು ತೋರಿಸಿದರು.

“ತಪ್ಪು ನಂದೇ ಸಾರ್. ಈಗಿನ ಗಾಡಿಗಳಾಗೆ ಬ್ಯಾಟರಿ ಮೈನಸ್ ಅರ್ತಿಂಗ್ ಇರ್ತೈತೆ, ಅಂದ್ರೆ ಮೈನಸ್ ತಂತಿ ಗಾಡಿ ಮೈಗೆ ಸೇರಿರ್ತೈತೆ; ಇದ್ರಾಗೆ ಪ್ಲಸ್ ಐತೆ. ನೋಡ್ದೆ ಉಲ್ಟಾ ಜೋಡಿಸ್ದೆ. ಇನ್ನೊಂದು ತರಿಸ್ತೀನಿ, ಗುಜರಿಗೆ ಕೊಡಬ್ಯಾಡ್ರಿ. ಸುಟ್ಟಿದ್ದು ನಾನು, ಗಾಡಿಗ್ಯಾಕೆ ಶಿಕ್ಷೆ?”

ಕಾರಿಗೆ ಹೊಂದುವ ಕಿಟ್ ವಾರದ ನಂತರ ಬಂತು. ಪ್ರತಿ ವೈರನ್ನೂ ಎರಡೆರಡು ಸಲ ನೋಡಿ ಜೋಡಿಸಿದರು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಶುರುವಾಯಿತು. ನಾನು ಹೊರಡುವ ಅವಸರದಲ್ಲಿದ್ದೆ. ಅವರು ಹಳದಿ ಪೇಂಟ್ ತಂದು ಬಾನೆಟ್ಟಿನ ಒಳಗೆ ಬರೆದರು: ‘ಇದರಲ್ಲಿ ಪ್ಲಸ್ ಅರ್ತಿಂಗ್. ನಾನು ಒಮ್ಮೆ ಸುಟ್ಟಿದ್ದೇನೆ.’

“ನಿಮ್ಮ ಹೆಸರು ಕೆಡ್ತೈತಲ್ರೀ?” ಎಂದೆ.

“ನಾವಿಬ್ರೂ ಹೋದ್ಮ್ಯಾಲೂ ಇದು ಓಡ್ತೈತೆ ಸಾರ್. ಅವತ್ತಿನ ಮೆಕ್ಯಾನಿಕ್ಕಿಗೆ ಗೊತ್ತಾಗ್ಬೇಕಲ್ಲ.”