ಎಡಗೈಗೆ ಬಿಗಿದ ಪಟ್ಟಿ

ಬಸಮ್ಮಾ, ನಿಮ್ಮ ಅಪ್ಪನ ಎಡಗೈಯನ್ನು ಕೆಡಿಸಿದವಳು ನಾನು. ಜ್ವರದಿಂದ ನರ ಸೋತಿದೆ ಎಂದು ಆಗ ನಿಮಗೆ ಹೇಳಿದ್ದೆನಲ್ಲ — ಅದು ಸುಳ್ಳು. ಆ ಕೈಯನ್ನು ಮಂಚದ ಸರಳಿಗೆ ಬಿಗಿದು ಕಟ್ಟಿ, ಮರೆತಿದ್ದೆ. ಇಷ್ಟು ವರ್ಷ ಮುಚ್ಚಿಟ್ಟೆ.

ಕುಬಿಹಾಳದಿಂದ ಅವರನ್ನು ನಮ್ಮ ಐಸಿಯುಗೆ ತಂದಾಗ ಡ್ಯೂಟಿಯಲ್ಲಿದ್ದ ನರ್ಸ್ ನಾನೇ. ಎದೆಯಲ್ಲಿ ಸೋಂಕು, ಬಾಯಿಂದ ಗಂಟಲೊಳಗೆ ಉಸಿರಿನ ನಳಿಕೆ ಇಳಿಸಿದ್ದರು. ಕುತ್ತಿಗೆಗೆ ಸೂಜಿ ಹಾಕಬೇಕೆಂದು ಕೊರಳಿನ ಲಿಂಗ ಬಿಚ್ಚಿ ನಿಮ್ಮ ಕೈಗೆ ಕೊಟ್ಟೆ.

"ಅದಿಲ್ಲಂದ್ರ ಅಪ್ಪಗ ಸಮಾಧಾನ ಇರಂಗಿಲ್ರಿ ಅಕ್ಕಾರ. ತೋಳಿಗಾದ್ರೂ ಕಟ್ರಿ," ಅಂದಿರಿ.

"ಇಲ್ಲಿ ಅದೆಲ್ಲ ನಡ್ಯಾಂಗಿಲ್ಲ. ಮನಿಗೆ ಒಯ್ರಿ," ಅಂದೆ.

ಮರುದಿನ ಮುಂಜಾನೆ ಅವರಿಗೆ ಎಚ್ಚರವಾಯಿತು. ಬಲಗೈಯಲ್ಲಿ ಸಲೈನ್ ಇತ್ತು. ಎಡಗೈ ಮೆಲ್ಲಗೆ ಎದೆಯ ಮೇಲೆ ಬಂತು, ಅಲ್ಲಿಂದ ಕೊರಳಿಗೆ. ನಳಿಕೆ ಕಿತ್ತುಕೊಳ್ಳುತ್ತಾರೆಂದು ಆ ಕೈಯನ್ನು ಪಟ್ಟಿಯಿಂದ ಸರಳಿಗೆ ಕಟ್ಟಿದೆ. ಜಗ್ಗಾಡಿದರು. ಇನ್ನಷ್ಟು ಬಿಗಿದೆ. ಕಟ್ಟದೆ ಆಗುತ್ತದೆಯೇ ಎಂದು ಮೊದಲು ಯೋಚಿಸಬೇಕು, ಕಟ್ಟಿದರೆ ಆಗಾಗ ಸಡಿಲಿಸಬೇಕು, ಬೆರಳಿನ ಬಣ್ಣ ನೋಡಬೇಕು — ಹೊಸ ಹುಡುಗಿಯರಿಗೆ ಇದನ್ನೆಲ್ಲ ಕಲಿಸುತ್ತಿದ್ದವಳು ನಾನು. ಆ ದಿನ ಮಂಚಗಳೆಲ್ಲ ತುಂಬಿದ್ದವು... ಬಿಡಿ, ತುಂಬದ ದಿನ ಯಾವುದಿತ್ತು?

ಮಧ್ಯಾಹ್ನ ನೋಡಿದಾಗ ಬೆರಳುಗಳು ಬಾತು ನೀಲಿಗಟ್ಟಿದ್ದವು, ತಣ್ಣಗಿದ್ದವು. ಪಟ್ಟಿ ಬಿಚ್ಚಿ ಜೇಬಿಗೆ ತುರುಕಿದೆ. ಡಾಕ್ಟರು ಕೇಳಿದರು. "ಕೈ ಮೈ ಕೆಳಗ ಸಿಕ್ಕೊಂಡಿತ್ರಿ ಸರ್," ಅಂದೆ. ನಂಬಿದರು. ನಿಮಗೆ ಜ್ವರದ ಕತೆ ಹೇಳಿದೆ.

ಆ ಕೈ ಏನನ್ನು ಹುಡುಕುತ್ತಿತ್ತೆಂದು ನನಗಾದರೂ ತಿಳಿಯಬೇಕಿತ್ತು. ನನ್ನ ಕೊರಳಲ್ಲೂ ಲಿಂಗವಿದೆ. ಹೆದರಿದಾಗ ನನ್ನ ಕೈಯೂ ಅಲ್ಲಿಗೇ ಹೋಗುತ್ತದೆ. ಡಾಕ್ಟರ ಮುಂದೆ ಸುಳ್ಳು ಹೇಳುವಾಗಲೂ ಹೋಗಿತ್ತು.

ಅವರು ಬದುಕಿ ಊರಿಗೆ ಹೋದರು. ಆ ಅಂಗೈ ಮಾತ್ರ ಮತ್ತೆ ಅರಳಲಿಲ್ಲ. ಅಪ್ಪನನ್ನು ಉಳಿಸಿದೆನೆಂದು ನೀವು ನನಗೆ ಶೇಂಗಾ ಹೋಳಿಗೆ ತಂದುಕೊಟ್ಟಿರಿ. ತಿಂದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಮೊನ್ನೆ ಕುಂದಗೋಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ — ಚೆನ್ನಾಗಿದ್ದಾರೆ ಎಂಬ ಮಾತು ಕೇಳುವ ಆಸೆಯಿಂದಲೇ ಕೇಳಿದೆ.

"ಲಿಂಗಪೂಜಿ ಬಿಟ್ಟಾನ್ರಿ," ಅಂದಿರಿ. "ಎಡಗೈಯಾಗ ಹಿಡೀಬೇಕಲ್ರಿ, ಅದರಾಗ ಲಿಂಗಾ ನಿಲ್ಲವಲ್ದು. ನಾ ಏನ್ ಪಾಪಾ ಮಾಡೀನೋ, ಶಿವಾ ನನ್ನ ಒಲ್ಲೆ ಅಂದಾನ ಅಂತ ದಿನಾ ಅಳತಾನ."

ಅಷ್ಟರಲ್ಲಿ ನನ್ನ ಬಸ್ ಬಂತು. ಹತ್ತಿಬಿಟ್ಟೆ. ಅಲ್ಲಿಯೇ ಹೇಳಬಹುದಿತ್ತು.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆರೆಯುವುದು, ಬಿಡುವುದು ನಿಮಗೆ ಸೇರಿದ್ದು. ಆಸ್ಪತ್ರೆಗೆ ಹೇಳಿ, ಪೊಲೀಸರಿಗೆ ಹೇಳಿ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಇವತ್ತೇ ಅಪ್ಪನ ಬಾಜು ಕುಳಿತು ಇದನ್ನು ಓದಿರಿ. ಅವರಿಗೆ ಕಿವಿ ಮಂದ, ಗಟ್ಟಿಯಾಗಿ ಓದಿರಿ. ಅವರು ಯಾವ ಪಾಪವನ್ನೂ ಮಾಡಿಲ್ಲ.