ಸೀಲು ಒಡೆದ ಡಬ್ಬಿ

ಸಂಗ್ರಹದ ನಾಣ್ಯ ಕೊಳ್ಳುವುದು ನನ್ನ ಕಸುಬು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿದ ಸೆಟ್ಟೊಂದನ್ನು ನೋಡಲು ನಿಲಂಗಾಕ್ಕೆ ಹೋದೆ. ಬರಹೇಳಿದ್ದ ಮಾಸ್ತರರು ತೀರಿಕೊಂಡದ್ದು ಬಾಗಿಲಿಗೆ ಹೋದ ಮೇಲೆಯೇ ಗೊತ್ತಾಯಿತು. ಆದರೂ ಅವರ ಹೆಂಡತಿ ಡಬ್ಬಿ ತಂದಿಟ್ಟರು. ಯಾರೋ ಅಂಚನ್ನು ಚಾಕುವಿನಿಂದ ಸೀಳಿದ್ದರು. ನಡುವಿನ ಬೆಳ್ಳಿ ನಾಣ್ಯ ಇರಲಿಲ್ಲ.

“ಸೀಲ್ ಒಡದ್ರ ಕಿಮ್ಮತ್ತೇ ಉಳಿಯಂಗಿಲ್ರೀ ಅಕ್ಕಾ,” ಎಂದುಬಿಟ್ಟೆ.

“ಮಣ್ಣು ಮಾಡೂಮುಂದ ಹಣಿಗಿ ನಾಣ್ಯ ಹಚ್ಚಬೇಕಲ್ರೀ. ಅದನ್ನ ಹಚ್ಚಿದ್ನಿ, ಅವರ ಜೋಡಿನೇ ಹೋತು. ಬೆರಳಿನ ಡಾಗ ಬೀಳ್ತದಂತ ಜೀವ ಇರೂತನಕ ಅವರೂ ಅದನ್ನ ಒಮ್ಮಿನೂ ಮುಟ್ಟಿರಲಿಲ್ಲ.”

ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಔರಾದ ದಾಟುವವರೆಗೂ ಬಸ್ಸಿನಲ್ಲಿ ನನಗೆ ಒಂದೇ ಚಿಂತೆ, ಮಣ್ಣಿನ ತೇವಕ್ಕೆ ಆ ಬೆಳ್ಳಿ ಕಪ್ಪಾಗುತ್ತದಲ್ಲ ಎಂದು. ಮಾಸ್ತರರು ನೆನಪಾದದ್ದು ಆಮೇಲೆ.