ಕುರಿರೊಪ್ಪಕ್ಕೆ ನೀರು ಬಂದ ವರ್ಷ

ಆ ವರ್ಷ ಮಾರಿಕಣಿವೆ ಅಣೆಕಟ್ಟು ತುಂಬಿತು. ಹೊಸದುರ್ಗ ತಾಲ್ಲೂಕಿನ ನಮ್ಮೂರು ಅದರ ಹಿನ್ನೀರಿನ ತುದಿಯಲ್ಲಿದೆ. ನಾನು ಕಣ್ಣು ಬಿಟ್ಟಾಗಿನಿಂದ ಆ ನೀರು ದೂರದಲ್ಲಿ ಮಿನುಗುವ ಒಂದು ಗೆರೆ, ಅಷ್ಟೇ. ಈಗ ಅದು ಜಾಲಿಗಿಡಗಳ ಸಂದಿಯಲ್ಲಿ ಸದ್ದಿಲ್ಲದೆ ಬಂದು ನಮ್ಮ ಹೊಲದ ಬದು ಮುಟ್ಟಿತ್ತು. ಎಲ್ಲಿಗೆ ಬಂತೆಂದು ನೋಡಲು ಊರಿಗೆ ಊರೇ ಬೆಳಗ್ಗೆ ಮುಖ ತೊಳೆಯುವ ಮೊದಲೇ ಓಡುತ್ತಿತ್ತು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಓಟದಲ್ಲಿ ಮಕ್ಕಳಿಗಿಂತ ನಾನೇ ಮುಂದಿದ್ದೆ.

ನಮ್ಮ ದೊಡ್ಡಪ್ಪ ಕುರಿ ಕೂಡುವ ರೊಪ್ಪ ಹೊಲದಾಚೆ ಒಂದು ಸಣ್ಣ ದಿಬ್ಬದ ಮೇಲಿತ್ತು. ಊರಿಗೂ ದಿಬ್ಬಕ್ಕೂ ನಡುವೆ ಒಂದು ತಗ್ಗು, ಅದರಲ್ಲೇ ದಾರಿ. "ನೀರು ಬಂದೈತೆ, ಹಂಗೇ ಹೋಗ್ತೈತೆ. ನನ್ನ ಕುರಿ ಎಲ್ಲಿಗೂ ಹೋಗಲ್ಲ" ಎಂದು ದೊಡ್ಡಪ್ಪ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದ.

ನನ್ನ ಜೊತೆ ಪಾಠ ಮಾಡುತ್ತಿದ್ದ ಟೀಚರ್ ಕುಮಟಾ ಕಡೆಯವಳು. ನದಿ ಸಮುದ್ರಕ್ಕೆ ಸೇರುವ ಜಾಗದಲ್ಲಿ ಅವಳ ತವರು. ನಾವೆಲ್ಲ ನೀರಿಗೆ ಕಾಲಿಟ್ಟು ಕೇಕೆ ಹಾಕುತ್ತಿದ್ದರೆ ಅವಳು ಬದುವಿನ ಮೇಲೆ ನಿಂತು ಕೇಳಿದಳು, "ನೀರು ಎಷ್ಟು ಏರ್ತದೆ ಅಂತ ಗುರುತು ಹಾಕಿದ್ದೀರಾ?"

ಯಾರೂ ಹಾಕಿರಲಿಲ್ಲ. ಅವಳೇ ಲಕ್ಕಿಗಿಡದ ಕಡ್ಡಿ ಮುರಿದು, ತಗ್ಗಿನ ಏರಿನುದ್ದಕ್ಕೂ ಒಂದೊಂದು ಗೇಣು ಎತ್ತರಕ್ಕೆ ಒಂದೊಂದು ನೆಟ್ಟಳು. ಮರುದಿನ ಸಂಜೆಗೆ ಎರಡು ಕಡ್ಡಿ ಮುಳುಗಿದ್ದವು. ಅವಳು ನನ್ನ ಕೈ ಹಿಡಿದು ಸೀದಾ ದೊಡ್ಡಪ್ಪನ ಮುಂದೆ ನಿಂತಳು.

"ನಾಡಿದ್ದು ಈ ದಾರಿ ಇರೋದಿಲ್ಲ ದೊಡ್ಡಪ್ಪ. ದಿಬ್ಬದ ಸುತ್ತ ನೀರು ನಿಲ್ತದೆ."

"ಟೀಚರಮ್ಮ, ನಿಮ್ಮೂರಲ್ಲಿ ಸಮುದ್ರ ಐತೆ, ಅದಕ್ಕೆ ನಿಮಗೆ ಎಲ್ಲಾ ಕಡೆ ಸಮುದ್ರನೇ ಕಾಣ್ತೈತೆ."

"ಹೌದು. ನೀರು ಒಳಗೆ ಬಂದು ನನ್ನ ಅಮ್ಮನ ಅಡುಗೆಮನೆಯನ್ನು ಎರಡು ಸಲ ಹಿಂದಕ್ಕೆ ಕಟ್ಟಿದ್ದೇವೆ. ಅದನ್ನು ನೋಡಿಯೇ ಹೇಳ್ತಿದ್ದೇನೆ."

ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಒಬ್ಬನೇ ಹೋಗಿ ಕಡ್ಡಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಬಹಳ ಹೊತ್ತಿನ ಮೇಲೆ ಎದ್ದು ಬಂದವನೇ, "ಟ್ರ್ಯಾಕ್ಟರ್ ತರ್ಸವ್ವ, ತಗ್ಗಿಗೆ ಕಲ್ಲು ಹೊಡಿಯಾಣ" ಎಂದ.

ತಗ್ಗಿನ ದಾರಿ ಆಗಲೇ ಕುರಿ ಹೂತುಹೋಗುವಷ್ಟು ಕೆಸರಾಗಿತ್ತು. ಮರುದಿನವಿಡೀ ಹಳೆಯ ಬದುಗಳ ಕಲ್ಲು ಕಿತ್ತು ತಗ್ಗಿನಲ್ಲಿ ಸುರಿದೆವು. ಓಣಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿ ಇಳಿದಿದ್ದರು. ಮೇಲೆ ಮಣ್ಣು ಹರಡಿ ತುಳಿದು ಮೊಣಕಾಲೆತ್ತರದ ಕಾಲುದಾರಿಯೊಂದನ್ನು ಎಬ್ಬಿಸಿದೆವು. ಮಾರನೆಯ ಬೆಳಗ್ಗೆ ನೋಡಿದರೆ ದಾರಿಯ ಎರಡೂ ಪಕ್ಕ ನೀರು ನಿಂತಿತ್ತು. ಮೇಲೆ ಉಳಿದಿದ್ದು ಒಂದು ಅಂಗೈಯಷ್ಟು.

ಕುರಿಗಳು ಬಂದವು, ಹೊಳೆಯುವ ನೀರು ಕಂಡವು, ಅಲ್ಲೇ ನಿಂತವು. ದೊಡ್ಡಪ್ಪ ಕೂಗಿದ, ಸೀಟಿ ಹೊಡೆದ, ಟಗರಿನ ಕೊಂಬು ಹಿಡಿದು ಎಳೆದ. ಒಂದೂ ಕದಲಲಿಲ್ಲ.

"ನೀರು ಕಂಡು ಹೆದರ್ತಿವೆ, ಮರೆ ಮಾಡಿ!" ಎಂದು ಟೀಚರ್ ಚೀರಿದಳು.

ಮನೆಮನೆಯ ಕಂಬಳಿಗಳು ಬಂದವು. ನಾವೆಲ್ಲ ಎರಡೂ ಕಡೆ ಮೊಣಕಾಲಿಗೆ ಹತ್ತುವ ನೀರಲ್ಲಿ ನಿಂತು ಕಂಬಳಿ ಅಗಲಿಸಿ ಗೋಡೆ ಕಟ್ಟಿದೆವು. ದೊಡ್ಡಪ್ಪ ಒಂದು ಮರಿಯನ್ನು ಎತ್ತಿಕೊಂಡು ನಡೆದ. ಅದರ ತಾಯಿ ಅರಚುತ್ತಾ ಹಿಂದೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ಇಡೀ ಹಿಂಡು ಒಮ್ಮೆಗೇ ನುಗ್ಗಿತು. ಗೊರಸುಗಳ ಕೆಸರು ನಮ್ಮ ಮುಖಕ್ಕೆ ರಾಚಿತು. ಕೊನೆಯ ಕುರಿ ದಡ ಹತ್ತಿದಾಗ ಊರೆಲ್ಲ ಹಾಕಿದ ಕೇಕೆಗೆ ಬೆಳ್ಳಕ್ಕಿಗಳು ದಿಗಿಲುಬಿದ್ದು ಎದ್ದವು. ಮಧ್ಯಾಹ್ನದ ಊಟದ ಹೊತ್ತಿಗೆ ಕಾಲುದಾರಿ ಮುಳುಗಿತು.

ರೊಪ್ಪ ಈಗ ಊರ ಮೇಲಿನ ಮಗ್ಗುಲಲ್ಲಿದೆ. ನೀರು ಮತ್ತೆ ಬಂದೇ ಬರುತ್ತದೆ ಎಂದು ಒಪ್ಪಿಕೊಂಡ ಮೇಲೆ ಕೆಲಸಗಳು ಸಲೀಸಾದವು. ಶಾಲೆಯ ರಸ್ತೆಯನ್ನು ಎತ್ತರಿಸಿ ಅಡಿಯಲ್ಲಿ ದೊಡ್ಡ ಪೈಪು ಹಾಕಿಸಿಕೊಂಡೆವು. ತಗ್ಗಿನ ಹೊಲಗಳನ್ನು ನೀರಿಗೇ ಬಿಟ್ಟು, ಅದು ಇಳಿದ ಮೇಲೆ ಹಸಿ ನೆಲಕ್ಕೆ ಕಡಲೆ ಚೆಲ್ಲಿದೆವು. ಮೊಣಕಾಲು ಮುಟ್ಟುವಂತೆ ಬೆಳೆಯಿತು!

ಬೇಸಿಗೆ ರಜೆಯಲ್ಲಿ ಟೀಚರ್ ನಮ್ಮನ್ನು ತನ್ನೂರಿಗೆ ಕರೆದೊಯ್ದಳು. ದೊಡ್ಡಪ್ಪ ಸಮುದ್ರ ನೋಡಿದ್ದು ಅದೇ ಮೊದಲು. ಅವಳ ಮನೆಯ ಜಗಲಿ ನನ್ನ ಸೊಂಟದೆತ್ತರಕ್ಕಿತ್ತು. ಬಾವಿ ಉಪ್ಪಾಗಿದ್ದರಿಂದ ಸೂರಿನ ಮಳೆನೀರನ್ನು ತೊಟ್ಟಿಗೆ ಹಿಡಿಯುತ್ತಿದ್ದರು. ಹೊಳೆಯಂಚಿನಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಸಸಿ ನೆಟ್ಟಿದ್ದರು, ಅಲೆಯ ರಭಸ ಅದರ ಬೇರುಗಳಲ್ಲೇ ಮುರಿಯಲೆಂದು. ಆ ದಿನ ಊರವರು ಗದ್ದೆಯ ಒಡ್ಡು ಎತ್ತರಿಸುತ್ತಿದ್ದರು.

"ನನ್ನ ಅಪ್ಪನ ಕಾಲದಲ್ಲಿ ಒಡ್ಡು ಸೊಂಟಮಟ್ಟ ಇತ್ತು, ಈಗ ಎದೆಮಟ್ಟ" ಎಂದರು ಅವಳ ತಂದೆ. "ಸಮುದ್ರ ಏರ್ತಾ ಇದೆ, ನಾವೂ ಏರಿಸ್ತಾ ಇದ್ದೇವೆ. ಆ ಆಚೆಯ ಗದ್ದೆ ಮಾತ್ರ ಬಿಟ್ಟುಕೊಟ್ಟೆವು, ಅಲ್ಲೀಗ ಸಿಗಡಿ. ಈಚೆಗೆ ಉಪ್ಪುನೀರು ತಡೆಯೋ ಕಗ್ಗ ಭತ್ತ."

"ನಮ್ಮ ಕಡೆ ನೀರು ಒಳಗೆ ನಿಲ್ಲಲಿ ಅಂತ ಏರಿ ಹಾಕ್ತೀವಿ, ನೀವು ಹೊರಗೆ ನಿಲ್ಲಲಿ ಅಂತ ಹಾಕ್ತೀರ" ಎಂದು ದೊಡ್ಡಪ್ಪ ಜೋರಾಗಿ ನಕ್ಕ. ನಗುತ್ತಲೇ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದು ಸಾಲಿನಲ್ಲಿ ನಿಂತು, ಕೈಯಿಂದ ಕೈಗೆ ಬರುವ ಜೇಡಿಮುದ್ದೆ ಹಿಡಿಯತೊಡಗಿದ.

"ಏನವ್ವ ನೋಡ್ತಾ ನಿಂತೆ? ಇಳಿ, ಭರತ ಬರೋದ್ರೊಳಗೆ ಮುಗಿಸಾಣ!"

ಸಮುದ್ರ ಉಬ್ಬುವುದಕ್ಕೆ ಅಲ್ಲಿಯವರು ಹೇಳುವ ಭರತವೆಂಬ ಮಾತನ್ನು ಅವನು ಕಲಿತು ಒಂದು ಗಂಟೆಯೂ ಆಗಿರಲಿಲ್ಲ. ನಾನು ಇಳಿದೆ. ಸಮುದ್ರ ಏರಿ ಬರುವಷ್ಟರಲ್ಲಿ ಒಡ್ಡು ಮುಗಿದಿತ್ತು. ಊರಿಗೆ ಮರಳುವ ನಮ್ಮ ಬಸ್ಸು ಮಾತ್ರ ತಪ್ಪಿತ್ತು.